ಕಂಬಳದ ಕರೆಯಲ್ಲಿ ಯಾರು ದೊಡ್ಡವರು?

ಈ ಸಲ ಬಂದ ಪತ್ರಗಳಲ್ಲಿ ಕಂಬಳದ (ಕೆಸರಿನಲ್ಲಿ ಕೋಣಗಳನ್ನು ಓಡಿಸುವ ಆಟ) ಓಟಗಾರರ ವಿಚಾರವೇ ಹೆಚ್ಚು. ಐದು ಪತ್ರಗಳಿಗೆ ಇಲ್ಲಿ ಉತ್ತರಿಸಿದ್ದೇನೆ.

ಪ್ರಶ್ನೆ: ನನ್ನ ತವರು ಬಜಗೋಳಿ, ಗಂಡನ ಮನೆ ಮೂಡುಬಿದಿರೆ ಕಡೆ. ನನ್ನ ತಮ್ಮನಿಗೆ ನಿಶಾಂತ್ ಶೆಟ್ಟಿ ಎಂದರೆ ಪ್ರಾಣ, ನನ್ನವರಿಗೆ ಶ್ರೀನಿವಾಸ ಗೌಡ. ಮೊದಲು ಭಾವ ಮೈದುನರ ತಮಾಷೆಯಾಗಿದ್ದದ್ದು ಈಗ ಹಠಕ್ಕೆ ತಿರುಗಿದೆ. ಮೊನ್ನೆ ಮಗಳ ಹುಟ್ಟುಹಬ್ಬಕ್ಕೆ ತಮ್ಮ ಬರಲೇ ಇಲ್ಲ. ಇಬ್ಬರಲ್ಲಿ ಯಾರು ದೊಡ್ಡವರೆಂದು ನೀವೇ ಬರೆದುಬಿಡಿ, ಜಗಳ ಅಲ್ಲಿಗೆ ಮುಗಿಯಲಿ.
(ಓದುಗರೊಬ್ಬರು, ಕಾರ್ಕಳ)

ಉತ್ತರ: ಹಬ್ಬದ ಮನೆಗೆ ತಮ್ಮ ಬಾರದೆ ಇದ್ದದ್ದು ನಿಮಗೆ ಎಷ್ಟು ನೋವು ತಂದಿರಬಹುದೆಂದು ನನಗೆ ಅರ್ಥವಾಗುತ್ತದೆ. ಆದರೆ ಧೈರ್ಯವಾಗಿರಿ. ಇಬ್ಬರೂ ಪ್ರೀತಿಸುವುದು ಒಂದೇ ಆಟವನ್ನು. ಅಂಥ ಜಗಳಕ್ಕೆ ಮದ್ದು ಇದೆ.

ಮೊದಲು ಅಂಕಿಗಳನ್ನು ನೋಡೋಣ, ಏಕೆಂದರೆ ಜಗಳ ಹುಟ್ಟಿದ್ದೇ ಅಲ್ಲಿ. 2020ರ ಫೆಬ್ರವರಿ 1ರಂದು ಐಕಳದ ಕಂಬಳದಲ್ಲಿ ಮಿಜಾರು ಅಶ್ವತ್ಥಪುರದ ಶ್ರೀನಿವಾಸ ಗೌಡರು 142.5 ಮೀಟರ್ ಕರೆಯನ್ನು (ಕೋಣಗಳು ಓಡುವ ಕೆಸರಿನ ಹಾದಿ) 13.62 ಸೆಕೆಂಡಿನಲ್ಲಿ ಮುಗಿಸಿದರು. ಅದೇ ತಿಂಗಳ 16ರಂದು ವೇಣೂರಿನ ಸೂರ್ಯ-ಚಂದ್ರ ಜೋಡುಕರೆಯಲ್ಲಿ (ಎರಡು ಕರೆಗಳು ಜೊತೆಯಾಗಿರುವ ಕಂಬಳ) ಬಜಗೋಳಿ ಜೋಗಿಬೆಟ್ಟಿನ ನಿಶಾಂತ್ ಶೆಟ್ಟರು 143 ಮೀಟರನ್ನು 13.61 ಸೆಕೆಂಡಿನಲ್ಲಿ ಮುಗಿಸಿದರು. ನೂರು ಮೀಟರಿಗೆ ಇಳಿಸಿ ಒಬ್ಬರದು 9.55, ಇನ್ನೊಬ್ಬರದು 9.51 ಎಂದು ಪತ್ರಿಕೆಗಳು ಬರೆದವು. ನಿಮ್ಮ ತಮ್ಮ ಹಿಡಿದುಕೊಂಡಿರುವುದು ಈ 0.04 ಸೆಕೆಂಡನ್ನು.

ಈಗ ಕಾಗದ ಪೆನ್ನು ತೆಗೆದುಕೊಂಡು ಒಂದು ಲೆಕ್ಕ ಮಾಡಿ. ಐಕಳದ ಕರೆಯೂ 143 ಮೀಟರ್ ಇತ್ತು ಎಂದುಕೊಳ್ಳಿ. ಆಗ ಗೌಡರ ಅದೇ 13.62 ಸೆಕೆಂಡ್ ನೂರು ಮೀಟರಿಗೆ 9.52 ಆಗುತ್ತದೆ. ನಿಶಾಂತರದನ್ನು ಸರಿಯಾಗಿ ಭಾಗಿಸಿದರೆ ಅದೂ 9.52ಕ್ಕೇ ಬರುತ್ತದೆ. ಅಂದರೆ ಅಳೆಯುವಾಗ ಗಂತಿನ (ಕೋಣ ಬಿಡುವ ತುದಿ) ಹತ್ತಿರ ಟೇಪು ಅರ್ಧ ಮೀಟರ್ ಆಚೀಚೆ ಆದರೆ ವ್ಯತ್ಯಾಸವೇ ಉಳಿಯುವುದಿಲ್ಲ. ಅದೂ ಎರಡು ಬೇರೆ ಊರು, ಬೇರೆ ಕೆಸರು, ಬೇರೆ ಕೋಣಗಳು. ಒಂದು ಕರೆಯಲ್ಲಿ ನೀರು ತುಸು ಹೆಚ್ಚಿದ್ದರೆ ಸಾಕು, ಓಟದ ಗತಿಯೇ ಬೇರೆ.

ಹಾಗಾದರೆ ಯಾರನ್ನೂ ದೊಡ್ಡವರೆನ್ನಬಾರದೇ? ಖಂಡಿತ ಅನ್ನಬಹುದು, ಆದರೆ ಬೇರೆ ಪ್ರಶ್ನೆಗಳನ್ನು ಕೇಳಿ. ಹಗ್ಗದಲ್ಲಿ (ನೊಗಕ್ಕೆ ಕಟ್ಟಿದ ಹಗ್ಗ ಹಿಡಿದು ಓಡುವ ವಿಭಾಗ) ಗೆಲ್ಲುವವರು ನೇಗಿಲಿನಲ್ಲೂ ಗೆಲ್ಲುತ್ತಾರೆಯೇ? ಎಷ್ಟು ಬೇರೆ ಬೇರೆ ಮನೆಗಳ ಕೋಣಗಳನ್ನು ಓಡಿಸಿ ಪದಕ ತಂದಿದ್ದಾರೆ? ಕೈಗೆ ಪಳಗದ ಹೊಸ ಜೋಡಿಯನ್ನು ಕೊಟ್ಟರೆ ಏನು ಮಾಡುತ್ತಾರೆ? ಬೆಳಿಗ್ಗೆಯಿಂದ ಹಲವು ಸುತ್ತು ಓಡಿದ ಮೇಲೆ ನಡುರಾತ್ರಿ ಫೈನಲಿನಲ್ಲಿ ಅವರ ಕಾಲು ಹೇಗಿರುತ್ತದೆ? ಒಂದು ದಿನದ ಸೆಕೆಂಡಿಗಿಂತ ಒಂದು ಋತುವಿನ ಓಟ ಹೆಚ್ಚು ಹೇಳುತ್ತದೆ.

ನನ್ನ ಅಭಿಪ್ರಾಯ ಕೇಳಿದಿರಿ, ಹೇಳುತ್ತೇನೆ. ಗೌಡರ ಆ ಒಂದು ಓಟದಿಂದ ಕಂಬಳ ಎಂದರೇನೆಂದೇ ತಿಳಿಯದ ಕೋಟ್ಯಂತರ ಜನ ನಮ್ಮ ಕರೆಯ ಕಡೆ ತಿರುಗಿ ನೋಡಿದರು. ಅದು ಸಣ್ಣ ಮಾತಲ್ಲ. ಆದರೆ ಒಬ್ಬರೇ ಓಡಿದ್ದರೆ ‘ಎಲ್ಲೋ ಅಳತೆ ತಪ್ಪಿರಬೇಕು’ ಎಂದು ಲೋಕ ಕೈಬಿಡುತ್ತಿತ್ತು. ಹದಿನೈದೇ ದಿನದಲ್ಲಿ ನಿಶಾಂತರು ಅದೇ ವೇಗದಲ್ಲಿ ಓಡಿ, ಐಕಳದ್ದು ಆಕಸ್ಮಿಕವಲ್ಲ ಎಂದು ತೋರಿಸಿಕೊಟ್ಟರು. ನಿಶಾಂತರ ಓಟವೇ ಗೌಡರ ಓಟಕ್ಕೆ ದೊಡ್ಡ ಸಾಕ್ಷಿ. ನಿಮ್ಮವರನ್ನೂ ತಮ್ಮನನ್ನೂ ಒಟ್ಟಿಗೆ ಕೂರಿಸಿ ಇದನ್ನು ಓದಿ ಹೇಳಿ. ಸಾಧ್ಯವಾದರೆ ಈ ಬಾರಿ ಮಿಯಾರಿನ ಲವ-ಕುಶ ಜೋಡುಕರೆಗೆ ಇಬ್ಬರನ್ನೂ ಒಂದೇ ಬೈಕಿನಲ್ಲಿ ಕಳಿಸಿ. ಮಂಜೊಟ್ಟಿಯಲ್ಲಿ (ಓಟ ಮುಗಿಯುವ ತುದಿ) ಪಕ್ಕಪಕ್ಕ ನಿಂತು ಬೊಬ್ಬೆ ಹಾಕಿದವರಿಗೆ ಮನೆಗೆ ಬರುವಷ್ಟರಲ್ಲಿ ಮಾತು ತಾನಾಗಿ ಬರುತ್ತದೆ.

ಪ್ರಶ್ನೆ: ನಾನು ಮಣಿಪಾಲದಲ್ಲಿ ಇಂಜಿನಿಯರಿಂಗ್ ಓದುತ್ತಿದ್ದೇನೆ. ನಮ್ಮ ಓಟಗಾರರು ಉಸೇನ್ ಬೋಲ್ಟ್‌ಗಿಂತ ವೇಗ ಎಂದು ಹಾಸ್ಟೆಲಿನಲ್ಲಿ ಹೇಳಿದ್ದಕ್ಕೆ ಹೊರ ರಾಜ್ಯದ ಗೆಳೆಯರು ನಕ್ಕರು. ‘ಹಾಗಿದ್ದರೆ ಒಲಿಂಪಿಕ್ಸಿಗೆ ಯಾಕೆ ಹೋಗಲಿಲ್ಲ? ಎಲ್ಲ ಸುಳ್ಳು’ ಎಂದರು. ತುಂಬ ಅವಮಾನವಾಯಿತು. ನಾವು ಹೆಮ್ಮೆಪಡುತ್ತಿರುವುದು ಸುಳ್ಳಿನ ಮೇಲೆಯೇ?

ಉತ್ತರ: ಸುಳ್ಳಿನ ಮೇಲೆ ಅಲ್ಲ. ಸಮಾಧಾನ ಮಾಡಿಕೊಳ್ಳಿ. ಹೋಲಿಕೆ ಮಾತ್ರ ತಪ್ಪಿದೆ, ಓಟ ನಿಜ.

2009ರ ಆಗಸ್ಟ್ 16ರಂದು ಬರ್ಲಿನ್‌ನಲ್ಲಿ ಬೋಲ್ಟ್ ನೂರು ಮೀಟರನ್ನು 9.58 ಸೆಕೆಂಡಿನಲ್ಲಿ ಓಡಿದ್ದು ನಿಂತಲ್ಲಿಂದ ಹೊರಟು. ಪಿಸ್ತೂಲಿನ ಸದ್ದು ಕೇಳಿ ಮೈ ಅಲುಗುವವರೆಗಿನ ಹೊತ್ತೂ ಅದರಲ್ಲಿ ಸೇರಿದೆ. ವೇಗ ಏರುವ ಮೊದಲಿನ ಕೆಲವು ಮೀಟರು ಯಾರಿಗೇ ಆದರೂ ನಿಧಾನ. ಕಂಬಳದ ಅಂಕಿಯಾದರೋ 142.5 ಮೀಟರಿನ ಸರಾಸರಿಯನ್ನು ನೂರಕ್ಕೆ ಇಳಿಸಿದ್ದು. ಓಟ ಉದ್ದವಾದಷ್ಟೂ ಆ ನಿಧಾನದ ಮೀಟರುಗಳ ಭಾರ ಸರಾಸರಿಯಲ್ಲಿ ಕಡಿಮೆಯಾಗುತ್ತದೆ. ಹಾಗಾಗಿ ಇವೆರಡನ್ನು ಎದುರುಬದುರು ಇಡಲಾಗದು.

ಇಡಬಹುದಾದ ಬೇರೆ ಅಂಕಿ ಒಂದಿದೆ. ಅದೇ 2009ರಲ್ಲಿ ಮ್ಯಾಂಚೆಸ್ಟರಿನ ಬೀದಿಯಲ್ಲಿ ಹಾಸಿದ ನೇರ ಟ್ರ್ಯಾಕಿನಲ್ಲಿ ಬೋಲ್ಟ್ 150 ಮೀಟರನ್ನು 14.35 ಸೆಕೆಂಡಿನಲ್ಲಿ ಓಡಿದರು. ಭಾಗಿಸಿದರೆ ಸೆಕೆಂಡಿಗೆ 10.45 ಮೀಟರ್. ಐಕಳದ ಓಟ ಸೆಕೆಂಡಿಗೆ 10.46 ಮೀಟರ್. ಹೆಚ್ಚುಕಡಿಮೆ ಒಂದೇ! ಆದರೆ ಬೋಲ್ಟ್ ಯಾರ ನೆರವೂ ಇಲ್ಲದೆ ಓಡಿದರು, ಗೌಡರ ಮುಂದೆ ಎರಡು ಕೋಣಗಳಿದ್ದವು. ಹಗ್ಗ ಹಿಡಿದ ಕೈಗೆ ಅವುಗಳ ಎಳೆತ ಬರುತ್ತದೆ, ಹೆಜ್ಜೆ ಉದ್ದವಾಗುತ್ತದೆ. ಆ ಎಳೆತವನ್ನು ಕಳೆದು ಮನುಷ್ಯನ ವೇಗ ಎಷ್ಟೆಂದು ಹೇಳಬರುವುದಿಲ್ಲ. ಅಥ್ಲೆಟಿಕ್ಸಿನಲ್ಲಿ ಬೆನ್ನ ಹಿಂದಿನ ಗಾಳಿ ಸೆಕೆಂಡಿಗೆ 2 ಮೀಟರ್ ದಾಟಿದರೆ ಸಾಕು, ದಾಖಲೆ ಮಾನ್ಯವಾಗುವುದಿಲ್ಲ. ಗಾಳಿಯ ನೆರವನ್ನೇ ಒಪ್ಪದ ಆ ಆಟ ಕೋಣದ ನೆರವನ್ನು ಒಪ್ಪೀತೇ?

ಒಲಿಂಪಿಕ್ಸಿನ ಮಾತೂ ಹೀಗೆಯೇ. ಆಗಿನ ಕೇಂದ್ರ ಕ್ರೀಡಾ ಸಚಿವ ಕಿರಣ್ ರಿಜಿಜು ಅವರು ಗೌಡರನ್ನು ಟ್ರಯಲ್ಸಿಗೆ ಕರೆಸುವುದಾಗಿ ಹೇಳಿದ್ದರು. ಗೌಡರು ಹೋಗಲಿಲ್ಲ. ಕಂಬಳದಲ್ಲಿ ಹಿಮ್ಮಡಿಗೆ ಕೆಲಸ, ಟ್ರ್ಯಾಕಿನಲ್ಲಿ ಕಾಲ್ಬೆರಳಿಗೆ ಕೆಲಸ, ಎರಡೂ ಬೇರೆ ಎಂಬುದು ಅವರ ವಿವರಣೆಯಾಗಿತ್ತು. ತನ್ನ ವಿದ್ಯೆಯ ಎಲ್ಲೆ ಬಲ್ಲವರ ಮಾತು ಅದು. ಅಂದು ಅವರು ಕಟ್ಟಡ ಕೆಲಸ ಮಾಡಿ ಬದುಕುತ್ತಿದ್ದವರು. ಅಷ್ಟು ದೊಡ್ಡ ಆಮಿಷದ ಎದುರು ತೋರಿದ ಆ ಸ್ತಿಮಿತವನ್ನು ನಾನು ಅವರ ಓಟದಷ್ಟೇ ಗೌರವಿಸುತ್ತೇನೆ.

ಗೆಳೆಯರಿಗೆ ಬೋಲ್ಟ್ ಹೆಸರು ಹೇಳಬೇಡಿ. ನೊರೆ ಸುರಿಸುತ್ತಾ ನುಗ್ಗುವ ಎರಡು ಕೋಣಗಳ ಹಿಂದೆ, ಕಾಲು ಹೂತುಹೋಗುವ ಕೆಸರಿನಲ್ಲಿ, ಕಣ್ಣಿಗೆ ನೀರು ಎರಚುತ್ತಿರುವಾಗ ಬರಿಗಾಲಲ್ಲಿ ನೂರನಲವತ್ತು ಮೀಟರ್ ಬೀಳದೆ ಓಡುವುದು ಹೇಗೆಂದು ಒಮ್ಮೆ ಕರೆದುಕೊಂಡು ಹೋಗಿ ತೋರಿಸಿ. ಮಣಿಪಾಲದಿಂದ ಕಟಪಾಡಿಯ ಮೂಡು-ಪಡು ಜೋಡುಕರೆ ಹತ್ತಿರವೇ ಇದೆ.

ಪ್ರಶ್ನೆ: ಮಗನಿಗೆ ಹದಿನಾಲ್ಕು ವರ್ಷ. ಮೊಬೈಲಿನಲ್ಲಿ ಕಂಬಳದ ವಿಡಿಯೋ ನೋಡಿ ನೋಡಿ ‘ನಾನೂ ಕೋಣ ಓಡಿಸುತ್ತೇನೆ, ಶಾಲೆ ಬೇಡ’ ಎನ್ನುತ್ತಾನೆ. ಬಿದ್ದರೆ ಏನು ಗತಿ ಎಂದು ನನಗೆ ನಿದ್ದೆ ಬರುವುದಿಲ್ಲ.
(ತಾಯಿ, ಕಾಪು)

ಉತ್ತರ: ನಿಮ್ಮ ಹೆದರಿಕೆ ಸಹಜ, ಅದರಲ್ಲಿ ಹುರುಳೂ ಇದೆ. ಓಟದ ನಡುವೆ ಬಿದ್ದವರನ್ನು ಕೋಣ ಎಳೆದುಕೊಂಡು ಹೋಗುವುದುಂಟು, ಕಾಲು ಉಳುಕುವುದುಂಟು. ಗಾಯದ ಕಾಲಲ್ಲಿ ಕೆಸರು ನೀರಿಗಿಳಿದರೆ ಇಲಿಜ್ವರದ (ಇಲಿಯ ಮೂತ್ರ ಸೇರಿದ ನೀರಿನಿಂದ ಹರಡುವ ಜ್ವರ) ಭಯವೂ ಇದೆ.

ಆದರೂ ‘ಬೇಡವೇ ಬೇಡ’ ಎಂದು ಗದರಿಸಬೇಡಿ. ಗದರಿಸಿದರೆ ಅವನು ನಿಮಗೆ ಹೇಳದೆ ಯಾರದೋ ಹಟ್ಟಿಗೆ ಹೋಗುತ್ತಾನೆ. ಅದಕ್ಕಿಂತ ದಾರಿ ತೋರಿಸುವುದು ಒಳ್ಳೆಯದು. ಓಟಗಾರರು ಒಂದೇ ದಿನದಲ್ಲಿ ಕರೆಗೆ ಇಳಿದವರಲ್ಲ. ಮೊದಲು ಕೋಣಗಳನ್ನು ಮೀಯಿಸುವುದು, ಅವಕ್ಕೆ ಎಣ್ಣೆ ತಿಕ್ಕುವುದು, ಹುರುಳಿ ಬೇಯಿಸಿ ಹಾಕುವುದು. ಕೋಣದ ಕಿವಿ, ಬಾಲ, ಉಸಿರು ನೋಡಿ ಅದರ ಮನಸ್ಸು ತಿಳಿಯಬೇಕು. ಗುಣಪಾಲ ಕಡಂಬರ ಮುಂದಾಳತ್ವದ ಕಂಬಳ ಅಕಾಡೆಮಿ ಯುವಕರಿಗೆ ಕ್ರಮವಾಗಿ ತರಬೇತಿ ಕೊಟ್ಟಿದೆ. ಶ್ರೀನಿವಾಸ ಗೌಡರು ಅಲ್ಲಿ ಕಲಿತು ಬಂದವರು. ಹದಿನೆಂಟು ತುಂಬುವ ತನಕ ಕರೆಗೆ ಇಳಿಯುವ ಮಾತು ಬೇಡ ಎಂದು ಮೆಲ್ಲಗೆ, ಆದರೆ ಗಟ್ಟಿಯಾಗಿ ಹೇಳಿ.

ಅಲ್ಲಿಯವರೆಗೆ ಓಡಲು ಬಿಡಿ. ಶಾಲೆಯ ಕ್ರೀಡಾ ಶಿಕ್ಷಕರನ್ನು ಕಾಣಿ. ಉಡುಪಿಯ ಅಜ್ಜರಕಾಡು ಕ್ರೀಡಾಂಗಣದ ಸಿಂಥೆಟಿಕ್ ಟ್ರ್ಯಾಕಿಗೆ ಒಂದು ಭಾನುವಾರ ಕರೆದುಕೊಂಡು ಹೋಗಿ. ಟಿಟಿ ಇಂಜೆಕ್ಷನ್ ಹಾಕಿಸಿಡಿ. ಇನ್ನು ಶಾಲೆಯ ವಿಷಯ: ಕಂಬಳ ನಡೆಯುವುದು ಕೊಯ್ಲು ಮುಗಿದ ಮೇಲೆ, ಸುಮಾರು ನವೆಂಬರಿನಿಂದ ಮಾರ್ಚ್-ಏಪ್ರಿಲ್‌ವರೆಗೆ, ಹೆಚ್ಚಾಗಿ ವಾರಾಂತ್ಯದಲ್ಲಿ. ಉಳಿದ ದಿನಗಳಲ್ಲಿ ಹೆಚ್ಚಿನ ಓಟಗಾರರು ಬೇರೆ ದುಡಿಮೆ ಮಾಡಿಯೇ ಬದುಕುತ್ತಾರೆ. ಇದನ್ನು ನೀವು ಹೇಳುವುದಕ್ಕಿಂತ ಒಬ್ಬ ಓಟಗಾರರ ಬಾಯಿಂದಲೇ ಕೇಳಿಸಿದರೆ ಮಗ ಬೇಗ ಒಪ್ಪುತ್ತಾನೆ.

ಪ್ರಶ್ನೆ: ಬಾರುಕೋಲಿನಿಂದ ಹೊಡೆದು ಗೆದ್ದವರನ್ನು ‘ದೊಡ್ಡ ಓಟಗಾರ’ ಎನ್ನಲು ನನಗೆ ಮನಸ್ಸೊಪ್ಪುವುದಿಲ್ಲ. ಮನೆಯವರು ನನ್ನನ್ನೇ ಬೈಯುತ್ತಾರೆ.
(ವಿದ್ಯಾರ್ಥಿನಿ, ಉಡುಪಿ)

ಉತ್ತರ: ನಿಮ್ಮ ಮನಸ್ಸು ಸರಿಯಾದ ಕಡೆಯೇ ಇದೆ. 2016ರ ನವೆಂಬರಿನಲ್ಲಿ ಹೈಕೋರ್ಟು ಕಂಬಳಕ್ಕೆ ತಡೆ ಕೊಟ್ಟದ್ದೂ, 2017ರಲ್ಲಿ ರಾಜ್ಯ ಕಾನೂನು ತಿದ್ದಿದ್ದೂ, ಕೊನೆಗೆ 2023ರ ಮೇ 18ರಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಆ ತಿದ್ದುಪಡಿಯನ್ನು ಎತ್ತಿಹಿಡಿದದ್ದೂ ಇದೇ ಚಿಂತೆಯ ಸುತ್ತ. ಕೋಣಕ್ಕೆ ನೋವಾಗದಂತೆ ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆಯೇ ಇವತ್ತು ಕಂಬಳ ನಿಂತಿದೆ.

ನಡತೆಯನ್ನೂ ನೋಡಿ ದೊಡ್ಡವರು ಯಾರೆಂದು ಹೇಳುವ ಕ್ರಮ ಬೇರೆ ಆಟಗಳಲ್ಲೂ ಇದೆ. ಆಸ್ಟ್ರೇಲಿಯಾದ ಅವರದೇ ಬಗೆಯ ಫುಟ್‌ಬಾಲಿನಲ್ಲಿ 1924ರಿಂದ ಬ್ರೌನ್‌ಲೋ ಪದಕವೆಂಬ ದೊಡ್ಡ ಗೌರವವಿದೆ. ಪಂದ್ಯದ ತೀರ್ಪುಗಾರರೇ ಪ್ರತಿ ಪಂದ್ಯದ ಮೂವರು ಉತ್ತಮರಿಗೆ 3, 2, 1 ಅಂಕ ಕೊಡುತ್ತಾರೆ. ಆದರೆ ಆ ಋತುವಿನಲ್ಲಿ ಒರಟಾಟಕ್ಕೆ ಅಮಾನತಾದವರು ಎಷ್ಟೇ ಅಂಕ ಗಳಿಸಿದರೂ ಪದಕ ಅವರಿಗಿಲ್ಲ. ನಮ್ಮಲ್ಲೂ ಇಂಥದೊಂದು ಬರಬೇಕೆಂದು ನನ್ನ ಆಸೆ: ಋತುವಿನ ಕೊನೆಗೆ ತೀರ್ಪುಗಾರರು ಆರಿಸಿದ ಓಟಗಾರ, ಕೋಣವನ್ನು ಹೊಡೆಯದೆ ಓಡಿಸಿದವನು. ಬರೇ ಬೊಬ್ಬೆಗೂ ಹಗ್ಗದ ಅಲುಗಾಟಕ್ಕೂ ಕೋಣ ಓಡುವಂತೆ ಪಳಗಿಸಿದವರಿದ್ದಾರೆ. ನನ್ನ ಲೆಕ್ಕದಲ್ಲಿ ಅವರೇ ಮುಂದೆ. ಮನೆಯವರಿಗೂ ಹಾಗೆಯೇ ಹೇಳಿ.

ಪ್ರಶ್ನೆ: ನಿವೃತ್ತ ಶಿಕ್ಷಕ ನಾನು, ವಾಸ ಉಡುಪಿ. ನಮ್ಮ ತಂದೆಯ ಕಾಲದಲ್ಲಿ ಕನೆ ಹಲಗೆ ಓಡಿಸುವವರಿದ್ದರು, ಇಂದಿನವರು ಅವರ ಕಾಲ ಧೂಳಿಗೂ ಸಮವಲ್ಲ ಎಂಬುದು ನನ್ನ ಅನಿಸಿಕೆ. ‘ಟೈಮಿಂಗ್ ಎಲ್ಲಿದೆ ಅಜ್ಜ?’ ಎಂದು ಮೊಮ್ಮಕ್ಕಳು ಬಾಯಿ ಮುಚ್ಚಿಸುತ್ತಾರೆ. ಆ ಹೆಸರುಗಳೆಲ್ಲ ನನ್ನೊಂದಿಗೇ ಅಳಿದುಹೋಗುತ್ತವೆಯೇ?

ಉತ್ತರ: ಅಳಿಯಬೇಕಾಗಿಲ್ಲ ಮಾಸ್ತರರೇ, ನೀವು ಮನಸ್ಸು ಮಾಡಿದರೆ.

ಒಂದು ಮಾತನ್ನು ಮೊಮ್ಮಕ್ಕಳಿಗೆ ತಿಳಿಸಿ. ಕನೆ ಹಲಗೆಯಲ್ಲಿ (ತೂತಿರುವ ಹಲಗೆಯ ಮೇಲೆ ಓಟಗಾರ ಒಂದು ಕಾಲೂರಿ ನಿಲ್ಲುವ ವಿಭಾಗ) ಸೆಕೆಂಡಿನ ಲೆಕ್ಕವೇ ಇಲ್ಲ. ಹಲಗೆಯ ತೂತಿನಿಂದ ಚಿಮ್ಮಿದ ನೀರು ಕರೆಯ ಮೇಲೆ ಕಟ್ಟಿದ ನಿಶಾನೆಯ ಬಟ್ಟೆಗೆ ತಾಗಿತೇ ಎಂಬುದಷ್ಟೇ ಪ್ರಶ್ನೆ. ಆರೂವರೆ ಕೋಲು, ಏಳೂವರೆ ಕೋಲು ಎಂದು ಎತ್ತರ. ಅಂದು ಬಟ್ಟೆ ಒದ್ದೆಯಾದರೂ ಇಂದು ಒದ್ದೆಯಾದರೂ ಅದು ಒಂದೇ ಸಾಕ್ಷಿ. ಗಡಿಯಾರ ಇಲ್ಲದ್ದರಿಂದ ನಿಮ್ಮವರು ಏನನ್ನೂ ಕಳೆದುಕೊಂಡಿಲ್ಲ. ಉಳಿದ ವಿಭಾಗಗಳಲ್ಲಿ ಮಾತ್ರ ಲೇಸರ್ ಕಿರಣದ ಟೈಮಿಂಗ್ ಬರುವ ಮೊದಲು ತೀರ್ಪುಗಾರರ ಕಣ್ಣೇ ಗಡಿಯಾರವಾಗಿತ್ತು. ಅಲ್ಲಿ ಅಂದಿನವರನ್ನೂ ಇಂದಿನವರನ್ನೂ ತೂಗುವುದು ಕಷ್ಟವೇ.

ಹಾಗೆಂದು ಇಂದಿನವರನ್ನು ಹಗುರ ಮಾಡಬೇಡಿ ಎಂದು ಕೇಳಿಕೊಳ್ಳುತ್ತೇನೆ. ಬೈಂದೂರಿನ ಓಟಗಾರ ವಿಶ್ವನಾಥ ದೇವಾಡಿಗರಂಥವರು ನಿಮ್ಮ ತಂದೆಯ ಕಾಲದಲ್ಲಿ ಇದ್ದಿದ್ದರೂ ಹೆಸರು ಮಾಡುತ್ತಿದ್ದರು. ಪ್ರಾಯದ ಒಳ್ಳೆಯ ಕಾಲದಲ್ಲೇ ಹೈಕೋರ್ಟಿನ ತಡೆಯಿಂದ 2016-17ರ ಋತು ಕೈತಪ್ಪಿಹೋದ ಓಟಗಾರರ ಸಂಕಟವೂ ದೊಡ್ಡದು.

ಪತ್ರಿಕೆಯ ಕಂಬಳ ಫಲಿತಾಂಶ ನೋಡಿದ್ದೀರಲ್ಲ? ಮೊದಲು ಕೋಣದ ಮನೆಯ ಹೆಸರು, ಆಮೇಲೆ ‘ಓಡಿಸಿದವರು’ ಎಂದು ಒಂದು ಸಾಲು, ಹಲಗೆಗೆ ‘ಹಲಗೆ ಮುಟ್ಟಿದವರು’ ಎಂದು. ನೀವೂ ಅದೇ ಕ್ರಮದಲ್ಲಿ ಬರೆಯಿರಿ. ಯಾವ ಊರಿನ ಕಂಬಳ, ಸುಮಾರು ಯಾವ ವರ್ಷ, ಯಾವ ವಿಭಾಗ, ಯಾರ ಮನೆಯ ಕೋಣ, ಓಡಿಸಿದವರು ಯಾರು, ಅವರ ಊರು ಯಾವುದು. ಕಣ್ಣಾರೆ ಕಂಡದ್ದು ಬೇರೆ, ತಂದೆಯಿಂದ ಕೇಳಿದ್ದು ಬೇರೆ ಎಂದು ಗುರುತು ಹಾಕಿ. ನಿಮ್ಮ ಓರಗೆಯವರು ಯಾರಾದರೂ ಇದ್ದರೆ ಅವರಿಗೊಮ್ಮೆ ಓದಿ ಹೇಳಿ, ನೆನಪು ಹೊಂದದ ಕಡೆ ಎರಡನ್ನೂ ಬರೆದಿಡಿ. ಮೊಮ್ಮಕ್ಕಳಿಂದಲೇ ಕಂಪ್ಯೂಟರಿನಲ್ಲಿ ಟೈಪು ಮಾಡಿಸಿ ಒಂದು ಪ್ರತಿಯನ್ನು ಆಯಾ ಊರಿನ ಕಂಬಳ ಸಮಿತಿಗೆ ಕೊಡಿ, ಇನ್ನೊಂದನ್ನು ನಮಗೆ ಕಳಿಸಿ.