ಜಾಲತಾಣದ ವಿಳಾಸ ಬದಲಿಸುವ ಮುನ್ನ

ಕಾಫಿ ಪುಡಿ, ಕಾಳುಮೆಣಸು, ಏಲಕ್ಕಿಗಳನ್ನು ಮಧ್ಯವರ್ತಿಯಿಲ್ಲದೆ ಸ್ವಂತ ಜಾಲತಾಣದ ಮೂಲಕವೇ ಮಾರುವ ಬೆಳೆಗಾರರು ಈಚೆಗೆ ನಮ್ಮಲ್ಲೂ ಇದ್ದಾರೆ. ಉಚಿತವಾಗಿ ದೊರೆತ ತಾಣವೊಂದರಲ್ಲಿ ಆರಂಭಿಸಿ, ವ್ಯಾಪಾರ ಕುದುರಿದ ಮೇಲೆ ತಮ್ಮದೇ ಹೆಸರಿನ ವಿಳಾಸ ಕೊಂಡು ಅಲ್ಲಿಗೆ ಹೋಗುವುದು ರೂಢಿ. ಹೋದ ಮರುತಿಂಗಳೇ ಗಿರಾಕಿಗಳು ಕಡಮೆಯಾದರೆಂಬ ದೂರು ಬರುತ್ತದೆ. ಸರಕು ಅದೇ, ಬೆಲೆಯೂ ಅದೇ. ಗೂಗಲ್‌ನಲ್ಲಿ ಹುಡುಕಿದರೆ ಮಾತ್ರ ತಾಣ ಕಾಣುವುದಿಲ್ಲ.

ಕಾರಣ ಸರಳವಾಗಿದೆ. ಗೂಗಲ್ ಪ್ರತಿಯೊಂದು ಪುಟವನ್ನೂ ಅದರ ವಿಳಾಸದಿಂದಲೇ ಗುರುತಿಸುತ್ತದೆ. ಬೇರೆ ತಾಣಗಳು ಒಂದು ಪುಟಕ್ಕೆ ಕೊಡುವ ಕೊಂಡಿಗಳನ್ನು ಶಿಫಾರಸಿನಂತೆ ಎಣಿಸಬೇಕೆಂಬ ವಿಧಾನವನ್ನು ಲ್ಯಾರಿ ಪೇಜ್ ಮತ್ತು ಸೆರ್ಗೈ ಬ್ರಿನ್ 1998ರಲ್ಲಿ ಪ್ರಕಟಿಸಿದರು. ಇಂದು ಗೂಗಲ್ ಇನ್ನೂ ಹಲವು ಅಂಶಗಳನ್ನು ನೋಡುತ್ತದಾದರೂ ಈ ಲೆಕ್ಕ ಹೋಗಿಲ್ಲ. ಹೀಗೆ ಗಳಿಸಿದ ಹೆಸರೆಲ್ಲ ಹಳೆಯ ವಿಳಾಸದ ಖಾತೆಯಲ್ಲಿ ಜಮೆಯಾಗಿರುತ್ತದೆ. ಹೊಸ ವಿಳಾಸದವರು ತಾವೇ ಎಂದು ತಿಳಿಸದಿದ್ದರೆ ಖಾತೆ ಸೊನ್ನೆಯಿಂದ ಶುರುವಾಗುತ್ತದೆ. ಅಡಿಕೆ ಸಸಿಯನ್ನು ಬೇರಿನ ಮಣ್ಣು ಉದುರಿಸಿ ಕಿತ್ತು ನೆಟ್ಟಂತೆ.

ತಿಳಿಸುವ ಕ್ರಮಕ್ಕೆ 301 ಎಂಬ ಸಂಖ್ಯೆಯಿದೆ. ಹಳೆಯ ವಿಳಾಸಕ್ಕೆ ಬಂದವರನ್ನು ಹೊಸದಕ್ಕೆ ಕಳುಹಿಸಿ, 'ಈ ಪುಟ ಕಾಯಂ ಆಗಿ ಸ್ಥಳ ಬದಲಿಸಿದೆ' ಎಂದು ಹೇಳುವ ಸಂಕೇತವಿದು. 302 ಎಂಬುದು ತಾತ್ಕಾಲಿಕ ಬದಲಾವಣೆಗೆ. ಅದನ್ನು ಇಲ್ಲಿ ಬಳಸಕೂಡದು. ತಾಣ ಮಾಡಿಕೊಡುವವರು ಯಾವುದನ್ನು ಹಾಕಿದ್ದಾರೆಂದು ಕೇಳಿ ತಿಳಿಯಿರಿ. ಕೆಲವು ಉಚಿತ ತಾಣಗಳಲ್ಲಿ ಈ ಸೌಲಭ್ಯಕ್ಕೆ ಹಣ ತೆರಬೇಕಾಗುತ್ತದೆ. ತೆರುವುದೇ ಲೇಸು.

ಹೆಚ್ಚಿನವರು ಎಡವುವುದು ಮುಂದಿನ ಹೆಜ್ಜೆಯಲ್ಲಿ. ಹಳೆಯ ಪುಟಗಳನ್ನೆಲ್ಲ ಒಟ್ಟಾಗಿ ಹೊಸ ತಾಣದ ಮುಖಪುಟಕ್ಕೆ ತಿರುಗಿಸಿಬಿಡುತ್ತಾರೆ. ಅರೇಬಿಕಾ ಪುಡಿಯನ್ನು ಹುಡುಕಿ ಬಂದವರು ಮುಖಪುಟದಲ್ಲಿ ತಡಕಾಡಬೇಕಾಗುತ್ತದೆ. ಗೂಗಲ್ ಕೂಡ ಹಾಗೆ ತಿರುಗಿಸಿದ ಪುಟಗಳನ್ನು ಇಲ್ಲವಾದವೆಂದೇ ಎಣಿಸಬಹುದು. ಆದ್ದರಿಂದ ಒಂದು ನೋಟ್‌ಬುಕ್‌ನಲ್ಲಿ ಎಡಕ್ಕೆ ಹಳೆಯ ಪುಟಗಳ ವಿಳಾಸ, ಬಲಕ್ಕೆ ಅದಕ್ಕೆ ಸಲ್ಲುವ ಹೊಸ ಪುಟದ ವಿಳಾಸ ಬರೆಯಿರಿ. ಇಪ್ಪತ್ತು ಮೂವತ್ತು ಪುಟಗಳ ತಾಣಕ್ಕೆ ಇದು ಒಂದು ಸಂಜೆಯ ಕೆಲಸ. ಮಾರಾಟ ನಿಲ್ಲಿಸಿದ, ಬದಲಿ ಇಲ್ಲದ ಸರಕಿನ ಪುಟವನ್ನು ಎಲ್ಲಿಗೂ ತಿರುಗಿಸಬೇಕಾಗಿಲ್ಲ.

ಬಳಿಕ ಗೂಗಲ್ ಸರ್ಚ್ ಕನ್ಸೋಲ್ ಎಂಬ ಉಚಿತ ಸೇವೆಯಲ್ಲಿ ಎರಡೂ ವಿಳಾಸಗಳು ತಮ್ಮವೆಂದು ದೃಢಪಡಿಸಿ, ವಿಳಾಸ ಬದಲಾವಣೆಯ ಅರ್ಜಿಯನ್ನೂ ಹೊಸ ಪುಟಗಳ ಪಟ್ಟಿಯನ್ನೂ ಸಲ್ಲಿಸಬೇಕು. ಈ ಅರ್ಜಿ ಸ್ವಂತ ವಿಳಾಸವುಳ್ಳವರಿಗೆ. ಉಚಿತ ತಾಣದವರಿಗೆ ಎಲ್ಲೆಡೆ ಸಾಧ್ಯವಾಗದು, ಅವರು 301ನ್ನೇ ನೆಚ್ಚಬೇಕು. ಇನ್ನೊಂದು ಮಾತು: ಹೊಸ ತಾಣ ಸಿದ್ಧವಾಗುವವರೆಗೆ ಹುಡುಕಾಟದಲ್ಲಿ ಕಾಣಬಾರದೆಂದು ಹಾಕುವ ತಡೆಯನ್ನು ತೆಗೆಯಲು ಮರೆಯುವುದು ಬಹಳ ಸಾಮಾನ್ಯ. ಗಿರಾಕಿ ಮಾಯವಾದರೆ ಮೊದಲು ಅದನ್ನೇ ನೋಡಿ.

ಇಷ್ಟಾದರೂ ಕೆಲವು ವಾರ ಏರುಪೇರು ಇದ್ದೇ ಇರುತ್ತದೆ. ಗಾಬರಿಯಿಂದ ದಿನಕ್ಕೊಂದು ತಿದ್ದುಪಡಿ ಮಾಡಬೇಡಿ. ಕೊಯ್ಲು ಮುಗಿದು ಹೊಸ ಪುಡಿ ಬಿಕರಿಯಾಗುವ ತಿಂಗಳು ಬಿಟ್ಟು, ಆರ್ಡರ್ ಕಡಮೆಯಿರುವ ಕಾಲದಲ್ಲಿ ಬದಲಾವಣೆ ಮಾಡುವುದು ಜಾಣತನ.

ಹಳೆಯ ವಿಳಾಸವನ್ನು ಕನಿಷ್ಠ ಒಂದು ವರ್ಷ ತಿರುಗಿಸಿಯೇ ಇಡಬೇಕೆಂದು ಗೂಗಲ್ ಸೂಚಿಸುತ್ತದೆ. ನಮ್ಮ ಅಭಿಪ್ರಾಯದಲ್ಲಿ ಅದೂ ಸಾಲದು. ವಾರ್ಷಿಕ ಶುಲ್ಕ ಕಟ್ಟದಿದ್ದರೆ ಆ ವಿಳಾಸವನ್ನು ಯಾರು ಬೇಕಾದರೂ ಕೊಳ್ಳಬಹುದು. ಜೂಜಿನ ತಾಣ ನಡೆಸುವವರು ಇಂಥವಕ್ಕೆ ಕಾದಿರುತ್ತಾರೆ. ಹಳೆಯ ಕ್ಯೂಆರ್ ಕೋಡ್ ಅಚ್ಚಾದ ಪೊಟ್ಟಣಗಳು ಗಿರಾಕಿಗಳ ಅಡುಗೆಮನೆಯಲ್ಲಿ ಉಳಿದಿರುವಷ್ಟು ಕಾಲವಾದರೂ ಶುಲ್ಕ ಕಟ್ಟಿ. ನವೀಕರಣದ ತಾರೀಕನ್ನು ಸೊಸೈಟಿಯ ಸಾಲದ ಕಂತಿನ ತಾರೀಕಿನ ಪಕ್ಕದಲ್ಲೇ ಬರೆದಿಟ್ಟುಕೊಳ್ಳಿ.