ಹರಾಜು ನಿಲ್ಲುವುದಿಲ್ಲ, ಬೆಲೆ ನಿಲ್ಲಬೇಕಲ್ಲ!

ಇ-ಹರಾಜು ನಡೆಸುವ ಸರ್ಕಾರಿ ಕಂಪನಿ ಎಂಎಸ್‌ಟಿಸಿಯ ನೂರು ಷೇರುಗಳನ್ನು 2024ರ ಫೆಬ್ರುವರಿಯಲ್ಲಿ ತಲಾ ₹1,050ರಂತೆ ಕೊಂಡಿದ್ದೆ. ಮರುವರ್ಷದ ಮೊದಲ ತಿಂಗಳುಗಳಲ್ಲಿ ಅರ್ಧ ಬೆಲೆಗೆ ಮಾರಿ ಹೊರಬಂದೆ. ನಡುವೆ ಬಂದ ಲಾಭಾಂಶ ಬಿಟ್ಟರೆ ಅರ್ಧ ಲಕ್ಷದಷ್ಟು ಹೋಯಿತು. ಪುಣೆಯ ಭೋಸರಿಯಲ್ಲಿ ಗುಜರಿ ವ್ಯಾಪಾರ ಮಾಡುವ ನನ್ನ ಭಾವಮೈದ ಮಾತ್ರ ತನ್ನ ಪಾಲಿನಲ್ಲಿ ಅರ್ಧವನ್ನು ಇನ್ನೂ ಹಿಡಿದುಕೊಂಡಿದ್ದಾನೆ. ಸಿಕ್ಕಾಗಲೆಲ್ಲ "ಭಾವ, ಅವಸರ ಮಾಡಿದ್ರಿ" ಅನ್ನುತ್ತಾನೆ. ನನಗೆ ಹಾಗನ್ನಿಸಿಲ್ಲ. ಇವತ್ತು ಅದೇ ಬೆಲೆ, ಅದೇ ಲೆಕ್ಕ ಎದುರಿಗೆ ಬಂದರೂ ಮಾರುತ್ತೇನೆ.

ಅವನ ನಂಬಿಕೆ ಹುಟ್ಟಿದ್ದು ಷೇರುಪೇಟೆಯಲ್ಲಲ್ಲ, ಅವನ ಶೆಡ್ಡಿನಲ್ಲಿ. ಕಾರ್ಖಾನೆಗಳ ಹಳೇ ಕಬ್ಬಿಣವನ್ನು ಅವನು ಎಂಎಸ್‌ಟಿಸಿಯ ಇ-ಹರಾಜಿನಲ್ಲೇ ಎತ್ತುವುದು. ತೂಕದ ಯಂತ್ರದ ಪಕ್ಕ ಎಣ್ಣೆ ಮೆತ್ತಿದ ಲ್ಯಾಪ್‌ಟಾಪ್, ಅದಕ್ಕೆ ಚುಚ್ಚಿದ ಡಿಜಿಟಲ್ ಸಹಿಯ ಡಾಂಗಲ್. ಹರಾಜು ಮುಗಿಯಲು ಕೆಲವೇ ನಿಮಿಷ ಉಳಿಯುವವರೆಗೆ ಯಾರೂ ಬಾಯಿ ಬಿಡುವುದಿಲ್ಲ. ಆಮೇಲೆ ಒಬ್ಬ ಕೂಗಿದರೆ ಗಡಿಯಾರ ಮುಂದಕ್ಕೆ ಹೋಗುತ್ತದೆ, ಇನ್ನೊಬ್ಬ ಕೂಗಿದರೆ ಮತ್ತೆ ಮುಂದಕ್ಕೆ. ಕೊನೆಗೆ ಲಾಟ್ ಇವನ ಹೆಸರಿಗೆ ನಿಂತರೂ ಪಕ್ಕದಲ್ಲಿ 'ಎಸ್‌ಟಿಎ' ಎಂದು ಬಂದುಬಿಟ್ಟರೆ ಮಾರುವವನ ಒಪ್ಪಿಗೆಗೆ ಕಾಯಬೇಕು. ಮೊದಲೇ ಕಟ್ಟಿದ ಠೇವಣಿ (ಇಎಂಡಿ) ಅಲ್ಲಿಯವರೆಗೆ ಅಲ್ಲೇ. ಇದನ್ನೆಲ್ಲ ದಿನಾ ನೋಡುವವನ ತರ್ಕ ಸರಳ: "ಸರ್ಕಾರ ಇರೋತನಕ ಗುಜರಿ ಇರ್ತದ, ಗುಜರಿ ಇರೋತನಕ ಹರಾಜು ಇರ್ತದ."

ಮಾತು ಸುಳ್ಳಲ್ಲ. 1964ರಲ್ಲಿ ಗುಜರಿ ಲೋಹದ ವ್ಯಾಪಾರಕ್ಕೆಂದು ಹುಟ್ಟಿದ ಈ ಕೋಲ್ಕತ್ತದ ಸರ್ಕಾರಿ ಕಂಪನಿ ಇ-ಹರಾಜಿಗೆ ಹೊರಳಿ ಬದುಕಿಕೊಂಡಿತು. 2014ರಲ್ಲಿ ಸುಪ್ರೀಂ ಕೋರ್ಟ್ ಕಲ್ಲಿದ್ದಲು ನಿಕ್ಷೇಪಗಳ ಹಂಚಿಕೆ ರದ್ದು ಮಾಡಿದ ಮೇಲೆ ಮರುವರ್ಷ ಅವುಗಳ ಹರಾಜು ನಡೆದದ್ದು ಇದರ ಪೋರ್ಟಲ್‌ನಲ್ಲಿ. 2019ರ ಮಾರ್ಚ್‌ನಲ್ಲಿ ಐಪಿಒ ಬಂದಾಗ ಕೇಳುವವರೇ ಇರಲಿಲ್ಲ. ಮುಗಿಯುವ ದಿನ ಮುಂದೂಡಿ, ಬೆಲೆ ಇಳಿಸಿ ₹120ಕ್ಕೆ ಕೊಡಬೇಕಾಯಿತು. ಐದು ವರ್ಷ ತುಂಬುವ ಮೊದಲೇ, ಸರ್ಕಾರಿ ಕಂಪನಿಗಳ ಷೇರುಗಳೆಲ್ಲ ಮೇಲೇಳುತ್ತಿದ್ದ ಹೊತ್ತಿನಲ್ಲಿ, ಅದೇ ಷೇರು ಸಾವಿರ ದಾಟಿತು. ನಾವಿಬ್ಬರೂ ಹತ್ತಿದ್ದು ಆಗ.

2023–24ರ ಲೆಕ್ಕಪತ್ರ ಕೈಗೆ ಬಂದ ಮೇಲೆ ಕೂತು ಗುಣಿಸಿದೆ. ಕಂಪನಿಯ ಷೇರುಗಳು 7.04 ಕೋಟಿ. ₹1,050ರಿಂದ ಗುಣಿಸಿದರೆ ₹7,392 ಕೋಟಿ. ಅಂದರೆ ನೂರು ಷೇರು ಕೊಂಡ ನಾನು ಇಡೀ ಕಂಪನಿಗೆ ಕಟ್ಟಿದ ಬೆಲೆ ಅದು. ಆ ವರ್ಷ ಒಟ್ಟುಗೂಡಿಸಿದ ಲಾಭ ಸುಮಾರು ₹200 ಕೋಟಿ. ಆದರೆ ಅದರಲ್ಲಿ ಎಫ್‌ಎಸ್‌ಎನ್‌ಎಲ್ ಎಂಬ ಅಂಗಸಂಸ್ಥೆಯ ಪಾಲೂ ಸೇರಿತ್ತು. ಅದನ್ನು ಸರ್ಕಾರ ಜಪಾನಿನ ಕೊನೊಯ್ಕೆ ಕಂಪನಿಗೆ ₹320 ಕೋಟಿಗೆ ಮಾರಿತು. ಮಾರಿದ ದುಡ್ಡು ಒಮ್ಮೆ ಬರುತ್ತದೆ, ಆ ಲಾಭ ಮತ್ತೆ ಬರುವುದಿಲ್ಲ. ಉಳಿದದ್ದು ಸುಮಾರು ₹170 ಕೋಟಿ.

ಅದೇ ₹7,392 ಕೋಟಿಯನ್ನು ಆಗಿನ ಶೇ 7ರ ಎಫ್‌ಡಿಯಲ್ಲಿಟ್ಟಿದ್ದರೆ ವರ್ಷಕ್ಕೆ ₹517 ಕೋಟಿ ಬಡ್ಡಿ. 170 ಇದ್ದದ್ದು 517 ಆಗಬೇಕಾದರೆ ಎಷ್ಟು ವರ್ಷ? ವರ್ಷಕ್ಕೆ ಶೇ 15ರಂತೆ ಬೆಳೆದರೆ 195, 225, 258, 297, 342, 393, 452, 520. ಎಂಟು ವರ್ಷ. ಶೇ 10ರಂತೆ ಬೆಳೆದರೆ ಹನ್ನೆರಡು. ಎಂಟು ವರ್ಷ ಒಮ್ಮೆಯೂ ಎಡವದೆ ಬೆಳೆದ ಮೇಲೂ ನನ್ನ ಹಣದ ಗಳಿಕೆ ಬ್ಯಾಂಕಿನ ಕೌಂಟರಿನಲ್ಲಿ ಮೊದಲ ವರ್ಷವೇ ಸಿಗುವಷ್ಟು. "ಲಾಭಾಂಶ ಕೊಡ್ತಾರಲ್ರಿ" ಅನ್ನುತ್ತಾನೆ ಭಾವಮೈದ. ಲಾಭಾಂಶ ಬರುವುದೂ ಅದೇ ₹170 ಕೋಟಿಯೊಳಗಿಂದ. ಇದೇ ಕಂಪನಿಯನ್ನು ₹120ಕ್ಕೆ ಕೊಂಡವನು ಒಟ್ಟಿಗೆ ಕಟ್ಟಿದ ಬೆಲೆ ₹845 ಕೋಟಿ. ಈ ಲಾಭ ಅವನ ಹಣದ ಶೇ 20.

ಹಾಗಾದರೆ ಎಂಟು ವರ್ಷ ಎಡವದೆ ಬೆಳೆಯುತ್ತದೆಯೇ? ನನ್ನ ಊರು ಗಣಿ ಸೀಮೆಯ ಹೊಸಪೇಟೆ, ಎಡವುವುದು ಹೇಗೆಂದು ಅಲ್ಲೇ ನೋಡಿದ್ದೇನೆ. 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ ಗಣಿಗಾರಿಕೆ ನಿಲ್ಲಿಸಿತು. ಚಿತ್ರದುರ್ಗ, ತುಮಕೂರಿಗೂ ಅದೇ ಗತಿ. ದಾಸ್ತಾನಿದ್ದ ಅದಿರು ಇ-ಹರಾಜಿನಲ್ಲಿ ಹೋಯಿತು. ಗಣಿಗಳು ಮತ್ತೆ ತೆರೆದ ಮೇಲೂ ಮೇಲುಸ್ತುವಾರಿ ಸಮಿತಿಯ ಕಣ್ಣೆದುರು ಎಂಎಸ್‌ಟಿಸಿ ಪೋರ್ಟಲ್‌ನಲ್ಲೇ ಮಾರಬೇಕಿತ್ತು. 2022ರ ಮೇ 20ರಂದು ಅದೇ ಕೋರ್ಟ್, ಇನ್ನು ನೇರವಾಗಿಯೂ ಮಾರಬಹುದು, ರಫ್ತೂ ಮಾಡಬಹುದು ಎಂದಿತು. ಹರಾಜು ಕಡ್ಡಾಯವಾದದ್ದು ಒಂದು ಆದೇಶದಿಂದ, ಕಡ್ಡಾಯ ಹೋದದ್ದೂ ಒಂದು ಆದೇಶದಿಂದ. ಸಾಫ್ಟ್‌ವೇರ್ ಮೊದಲಿದ್ದಂತೆಯೇ ಇತ್ತು.

ಬ್ಯಾಂಕುಗಳ ಕಥೆಯೂ ಇದೇ ದಾರಿಯದು. ಸಾಲ ತೀರದ ಮನೆ, ನಿವೇಶನಗಳನ್ನು ಸರ್ಕಾರಿ ಬ್ಯಾಂಕುಗಳು ಇದರ ಪೋರ್ಟಲ್‌ನಲ್ಲಿ ಹರಾಜಿಗಿಡುತ್ತಿದ್ದವು. 2025ರ ಜನವರಿಯಲ್ಲಿ ಅವುಗಳದೇ ಪೋರ್ಟಲ್ 'ಬ್ಯಾಂಕ್‌ನೆಟ್' ಶುರುವಾಯಿತು. ಸರ್ಕಾರಿ ಖರೀದಿಯ ಜೆಮ್ ಪೋರ್ಟಲ್ ಕೂಡ ಹಳೇ ಸಾಮಾನಿನ ಹರಾಜು ನಡೆಸುತ್ತದೆ. ಅತ್ತ 15 ವರ್ಷ ಮೀರಿದ ಸರ್ಕಾರಿ ವಾಹನಗಳು 2023ರ ಏಪ್ರಿಲ್‌ನಿಂದ ಗುಜರಿಗೆ ಹೋಗಬೇಕೆಂಬ ನಿಯಮದಿಂದ ಹೊಸ ಕೆಲಸವೂ ಬಂತು, ಒಪ್ಪೋಣ. ಆದರೆ ಬಂದದ್ದೂ ಸುತ್ತೋಲೆಯಿಂದಲೇ. ಹರಾಜು ನಡೆಸಿಕೊಡುವವರನ್ನು ಆರಿಸಲು ಕಚೇರಿಗಳು ಟೆಂಡರ್ ಕರೆಯುವುದೂ ಉಂಟು. ಅಲ್ಲಿ ಯಾರು ಕಮಿಷನ್ ಕಡಿಮೆ ಕೇಳುತ್ತಾರೋ ಅವರಿಗೆ ಕೆಲಸ.

ಆದೇಶವಿಲ್ಲದೆ ಬೆಳೆದ ಹರಾಜು ತಾಣವೂ ಇದೆ: ಅಮೆರಿಕದ ಇ-ಬೇ. ಅಲ್ಲಿ ಕೊಳ್ಳುವವರಿದ್ದಾರೆಂದು ಮಾರುವವರು ತಾವಾಗಿ ಬಂದರು. 1998ರಲ್ಲಿ 18 ಡಾಲರಿಗೆ ಬಂದ ಷೇರು ಮೊದಲ ದಿನವೇ ದುಪ್ಪಟ್ಟು ದಾಟಿದ್ದು ಆ ಭರವಸೆಯಿಂದ. ಅಂಥ ಕಂಪನಿಗೂ ಚೀನಾದಲ್ಲಿ ಶುಲ್ಕವೇ ಇಲ್ಲದ ತಾವ್‌ಬಾವ್ ಎದುರು ನಿಲ್ಲಲಾಗಲಿಲ್ಲ. 2004ರಲ್ಲಿ ಬಾಜಿ ಡಾಟ್ ಕಾಮ್ ಕೊಂಡು ಭಾರತಕ್ಕೆ ಬಂದದ್ದು 2018ರಲ್ಲಿ ಅಂಗಡಿ ಮುಚ್ಚಿತು. ತಾವಾಗಿ ಬಂದ ಗಿರಾಕಿಯೇ ಹೀಗೆ ಹೋಗುವಾಗ ಸುತ್ತೋಲೆ ಕಳಿಸಿದ ಗಿರಾಕಿಗೆ ಲಾಭದ 37 ಪಟ್ಟು (₹200 ಕೋಟಿಯ ಲೆಕ್ಕದಲ್ಲಿ), 43 ಪಟ್ಟು (₹170 ಕೋಟಿಯ ಲೆಕ್ಕದಲ್ಲಿ) ಕೊಡುವುದೇಕೆ?

ಭಾವಮೈದನಿಗೆ ಇನ್ನೊಂದು ಗಂಟು ಬಿದ್ದಿತ್ತು. ಅವನು ಅರ್ಧ ಷೇರುಗಳನ್ನು ಕೊಂಡದ್ದು ಎಂಟಿಎಫ್‌ನಲ್ಲಿ, ಅಂದರೆ ಬ್ರೋಕರನ ಸಾಲದಲ್ಲಿ. ಆ್ಯಪ್ ತೆರೆದರೆ 'ಈಗ ಒಂದು ಭಾಗ ಕೊಡಿ ಸಾಕು' ಎಂಬ ಗುಂಡಿ. ಉಳಿದದ್ದಕ್ಕೆ ದಿನದಿನವೂ ಬಡ್ಡಿ. ಬೆಲೆ ಇಳಿದಾಗ ಮಾರ್ಜಿನ್ ತುಂಬಲು ಫೋನು. ತುಂಬದಿದ್ದರೆ ಅವರೇ ಮಾರುತ್ತಾರೆ. ಹಿಡಿದುಕೊಳ್ಳುವ ತಾಳ್ಮೆ ನಿಮ್ಮದಾದರೂ ಮಾರುವ ದಿನ ಬ್ರೋಕರನದು. ಇದು ಹೂಡಿಕೆಯಲ್ಲ, ಅಡವು. ಇವನು ಆ ಅರ್ಧವನ್ನು ನಷ್ಟದಲ್ಲೇ ಬಿಡಿಸಿಕೊಂಡ. ಉಳಿದರ್ಧ ಸ್ವಂತ ದುಡ್ಡಿನದಾದ್ದರಿಂದ ಉಳಿಯಿತು.

ಗುಜರಿ ಕೊಳ್ಳುವಾಗ ಇದೇ ಭಾವಮೈದ ಕಿಲೋಗೆ ಐವತ್ತು ಪೈಸೆ ಹೆಚ್ಚಾದರೂ ಕೈಬಿಡುತ್ತಾನೆ. ಮಾಲು ನೋಡದೆ ಲಾಟ್ ಕೂಗುವುದಿಲ್ಲ. ತೇವ ಎಷ್ಟು, ಮಣ್ಣು ಎಷ್ಟು, ಲಾರಿ ಬಾಡಿಗೆ ಎಷ್ಟು ಎಂದು ಬರೆದಿಟ್ಟುಕೊಂಡು ಅದರಾಚೆ ಒಂದು ರೂಪಾಯಿ ಏರಿಸುವುದಿಲ್ಲ. ಷೇರು ಕೊಳ್ಳುವಾಗ ಮಾತ್ರ ಕೊನೆಯ ಕೂಗು ತನ್ನದಾಗಲಿ ಅನ್ನುತ್ತಾನೆ. ನಾವೆಲ್ಲರೂ ಅಷ್ಟೇ. ತರಕಾರಿಗೆ ಚೌಕಾಸಿ, ಷೇರಿಗೆ ಧಾರಾಳ.

ಎಂಎಸ್‌ಟಿಸಿ ಕೆಟ್ಟ ಕಂಪನಿಯಲ್ಲ. ಅದು ಉಳಿಯುತ್ತದೆ, ನಿಧಾನವಾಗಿ ಬೆಳೆಯಲೂಬಹುದು. ₹1,050 ಮಾತ್ರ ಆ ಬೆಳವಣಿಗೆಯ ಎಂಟು ವರ್ಷವನ್ನು ಮುಂಗಡವಾಗಿ ಕೇಳುತ್ತಿತ್ತು. ಯಾವುದೇ ಷೇರು ಕೊಳ್ಳುವ ಮುನ್ನ ಬೆಲೆಯನ್ನು ಒಟ್ಟು ಷೇರುಗಳಿಂದ ಗುಣಿಸಿ, ಬಂದ ಮೊತ್ತಕ್ಕೆ ಎಫ್‌ಡಿ ಬಡ್ಡಿ ಹಾಕಿ, ಕಂಪನಿಯ ಲಾಭದ ಪಕ್ಕದಲ್ಲಿಟ್ಟು ನೋಡಿ. ಆ ಎಂಟಿಎಫ್ ಗುಂಡಿಯನ್ನು ಇವತ್ತೇ ಆಫ್ ಮಾಡಿ.