ಟ್ರಂಕಿನ ತಳದ ಬಾಳೆಹಣ್ಣು

ಮಗಳೇ, ದತ್ತು ತಂದ ನಿನ್ನ ಮಗಳ ಬಗ್ಗೆ ಮೊನ್ನೆ ಫೋನಿನಲ್ಲಿ ನೀನು ಅಳುತ್ತ ಕೇಳಿದ್ದು ಇನ್ನೂ ಕಿವಿಯಲ್ಲಿದೆ. "ಹೊಟ್ಟಿ ತುಂಬ ಉಣ್ಲಾಕ ಹಾಕ್ತೀವಿ ದೊಡ್ಡವ್ವ, ಆದ್ರೂ ರೊಟ್ಟಿ ಕದ್ದು ದಿಂಬಿನ ಕೆಳಗ ಇಡ್ತಾಳ. ನಾವ್ ಎಲ್ಲಿ ತಪ್ಪೀವಿ?" ಎಂದೆ. ಅಳಿಯಂದಿರನ್ನೂ ಪಕ್ಕಕ್ಕೆ ಕೂರಿಸಿಕೊಂಡು ಇದನ್ನು ಓದು.

ನಿಮ್ಮ ಅಕ್ಕ ನನ್ನ ಹೊಟ್ಟೆಯಲ್ಲಿ ಹುಟ್ಟಿದವಳಲ್ಲ, ಅದು ನಿನಗೆ ಗೊತ್ತು. ಐದು ವರ್ಷದವಳಾಗಿ ಕಮಲಾಪುರದ ಈ ಮನೆಗೆ ಬಂದಳು. ಬಂದ ತಿಂಗಳೊಳಗೆ ಟ್ರಂಕಿನಿಂದ ಒಂದು ಹುಳಿ ವಾಸನೆ. ತೆಗೆದು ನೋಡಿದರೆ, ಫ್ರಾಕುಗಳ ಅಡಿ ನಮ್ಮೂರಿನ ಕೆಂಪು ಬಾಳೆಹಣ್ಣು ನಾಲ್ಕು, ಕಪ್ಪಾಗಿ ರಸ ಸೋರಿ ಬಟ್ಟೆಗೆಲ್ಲ ಅಂಟಿದ್ದವು. ನಾನು ಬೆನ್ನಿಗೆ ಎರಡು ಬಾರಿಸಿದೆ. ಅವಳು ಅಳಲಿಲ್ಲ. ಗೋಡೆಗೆ ಮುಖ ಮಾಡಿ, ಹೆಗಲು ಕುಗ್ಗಿಸಿ, ಮುಂದಿನ ಪೆಟ್ಟಿಗೆ ಕಾಯುತ್ತ ನಿಂತಳು. ಆ ನಿಲುವು ಇವತ್ತಿಗೂ ನನ್ನ ಕಣ್ಣಿಂದ ಹೋಗಿಲ್ಲ.

ನಮ್ಮವ್ವ ಅದನ್ನು ನೋಡಿ ಒಂದು ಮಾತೂ ಆಡದೆ ಮುಚ್ಚಳದ ಡಬ್ಬಿಯೊಂದನ್ನು ತೊಳೆದು ತಂದಳು. ಎರಡು ಕಟಕ ರೊಟ್ಟಿ, ಒಂದು ಹಿಡಿ ಶೇಂಗಾ, ಒಂದು ಚೂರು ಬೆಲ್ಲ ಹಾಕಿ, "ಇದು ನಿಂದು. ರಾತ್ರಿ ಬಗಲಾಗ ಇಟ್ಕೊಂಡು ಮಲಗು. ಖಾಲಿ ಆದ್ರ ಮುಂಜಾನಿ ಮತ್ತ ತುಂಬ್ತೀನಿ" ಎಂದಳು. ದಿನಾ ತುಂಬಿದಳು. ಎಂಟು ತಿಂಗಳಾದ ಮೇಲೆ ಒಂದು ದಿನ ಡಬ್ಬಿ ತೆಗೆದರೆ ಶೇಂಗಾಕ್ಕೆ ಹುಳ ಬಿದ್ದಿತ್ತು. ಹುಡುಗಿ ಅದನ್ನು ಮರೆತೇ ಬಿಟ್ಟಿದ್ದಳು. ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಅದಕ್ಕೇ ಹೇಳುತ್ತೇನೆ, ನಿನ್ನ ಮಗಳು ಕದಿಯುತ್ತಿಲ್ಲ. ನಾಳೆ ಅನ್ನ ಇರುತ್ತದೆ ಎಂದು ಅವಳ ತಲೆಗೆ ಹೇಳಿದ್ದೀರಿ. ಹೊಟ್ಟೆ ಇನ್ನೂ ನಂಬಿಲ್ಲ. ಅದಕ್ಕೆ ಮಾತು ಸಾಲದು, ದಿನ ಬೇಕು.

ನಿಮ್ಮ ಪ್ರೀತಿ ಕಡಿಮೆಯಾಯಿತು ಎಂದು ಕೊರಗಬೇಡಿ. 1989ರ ನಂತರ ರೊಮೇನಿಯಾದ ಅನಾಥಾಲಯಗಳಿಂದ ಇಂಗ್ಲೆಂಡಿನ ಮನೆಗಳಿಗೆ ದತ್ತು ಹೋದ ಮಕ್ಕಳನ್ನು ಮೈಕೇಲ್ ರಟರ್ ಎಂಬ ವೈದ್ಯರ ತಂಡ ದೊಡ್ಡವರಾಗುವವರೆಗೂ ಗಮನಿಸಿತು. ಆರು ತಿಂಗಳೊಳಗೆ ಮನೆ ಸೇರಿದ ಕೂಸುಗಳು ಬಹುಮಟ್ಟಿಗೆ ಚೇತರಿಸಿಕೊಂಡವು. ಅನಾಥಾಲಯದಲ್ಲೇ ಹೆಚ್ಚು ಕಾಲ ಉಳಿದವರಲ್ಲಿ ಹಲವರಿಗೆ, ಒಳ್ಳೆಯ ಮನೆ ಸಿಕ್ಕರೂ, ಕಷ್ಟ ವರ್ಷಗಟ್ಟಲೆ ಉಳಿಯಿತು. ನಿನ್ನ ಮಗಳು ಆರು ವರ್ಷ ತುಂಬಿದ ಮೇಲೆ ಬಂದವಳು. ನಿಮ್ಮ ಮನೆಗೆ ಬಂದು ಇನ್ನೂ ಐದೇ ತಿಂಗಳು.

ಒಂದು ಮಾತನ್ನು ಮಾತ್ರ ಸಿಟ್ಟಿನಲ್ಲೂ ಆಡಬೇಡ: "ಮತ್ತ ಅಲ್ಲೇ ಬಿಟ್ಟು ಬರ್ತೀನಿ ನೋಡು." ಹೆತ್ತ ಮಕ್ಕಳು ಅದನ್ನು ಬೆದರಿಕೆ ಎಂದು ತಿಳಿದು ನಗುತ್ತಾರೆ. ಇವಳಿಗೆ ಅದು ನಡೆದು ಹೋದ ಸಂಗತಿ. ದೇಶದಲ್ಲಿ ಐದು ವರ್ಷಗಳಲ್ಲಿ 1,100ಕ್ಕೂ ಹೆಚ್ಚು ದತ್ತು ಮಕ್ಕಳನ್ನು ಹಿಂದಕ್ಕೆ ಬಿಟ್ಟಿದ್ದಾರೆ ಎಂಬ, ದತ್ತು ನೋಡಿಕೊಳ್ಳುವ ಕೇಂದ್ರದ ಕಾರಾ ಸಂಸ್ಥೆಯ ಲೆಕ್ಕವನ್ನು ಕೆಲ ವರ್ಷಗಳ ಹಿಂದೆ ಪೇಪರಿನಲ್ಲಿ ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಅವಳು ಚೀರಿ ತಾಟು ಎಸೆದರೆ ಕೋಣೆಯಲ್ಲಿ ಕೂಡಿಹಾಕಬೇಡ. ತುಸು ದೂರದಲ್ಲಿ ನೆಲದ ಮೇಲೆ ಕೂತುಕೋ. ಬುದ್ಧಿಮಾತು ಆಮೇಲೆ, ಉಸಿರು ತಣ್ಣಗಾದ ಮೇಲೆ.

ಹೋಳಿ ಕಳೆದ ಮೇಲೆ ಶರಣಬಸವೇಶ್ವರ ಅಪ್ಪನ ಜಾತ್ರೆಗೆ ಕರೆದೊಯ್ಯಬೇಕೆಂದು ಅಳಿಯಂದಿರಿಗೆ ಆಸೆ. ಈ ವರ್ಷ ಬೇಡ. ತೇರಿನ ಆ ಜನಸಾಗರದಲ್ಲಿ, ಹಲಗೆಯ ಸದ್ದಿನಲ್ಲಿ, ಕೈ ತಪ್ಪಿ ಹೋದೆನೆಂಬ ಭಯ ಅವಳನ್ನು ಹಿಂದಕ್ಕೆಳೆಯುತ್ತದೆ. ಬೇರೊಂದು ದಿನ ಮುಂಜಾನೆ ಗುಡಿಗೆ ಹೋಗಿ ಕೆರೆಯ ದಂಡೆಯಲ್ಲಿ ಕೂತು ಬನ್ನಿ. ಬಂಧುಬಳಗ ಬಂದಾಗ "ಪುಣ್ಯ ಮಾಡಿದ್ದಿ, ಇಂಥ ಮನಿ ಸಿಕ್ತು" ಎಂದರೆ ತಡೆ. ಋಣದ ಭಾರ ಹೊರಿಸಿದ ಮಗು ಮಗಳಾಗುವುದಿಲ್ಲ. ಹಿಂದಿನ ಮನೆಯ ಮಾತು ಅವಳೇ ತೆಗೆದರೆ ಬಾಯಿ ಮುಚ್ಚಿಸಬೇಡ, ಕೇಳಿಸಿಕೋ.

ದತ್ತು ಸಂಸ್ಥೆಯವರು ಎರಡು ವರ್ಷ, ಆರಾರು ತಿಂಗಳಿಗೊಮ್ಮೆ ಮನೆಗೆ ಬರಬೇಕೆಂಬುದು ನಿಯಮ. ಅವರು ಬರುವ ದಿನ ಮಗುವಿಗೆ ಹೊಸ ಬಟ್ಟೆ ತೊಡಿಸಿ "ಎಲ್ಲಾ ಚಲೋ ಅದ" ಎನ್ನಬೇಡ. ದಿಂಬಿನ ಕೆಳಗಿನ ರೊಟ್ಟಿಯನ್ನೂ ಹೇಳು, ನಿನ್ನ ಅಳುವನ್ನೂ ಹೇಳು. ಜಿಮ್ಸ್ ಆಸ್ಪತ್ರೆಯಲ್ಲಿ ಮನೋವೈದ್ಯರನ್ನು ಕಾಣಲು ನಾಚಬೇಡ. ರಾತ್ರಿ ತಡೆಯದಾದರೆ 14416ಕ್ಕೆ ಫೋನ್ ಮಾಡು. ಟೆಲಿ ಮನಸ್ ಎನ್ನುತ್ತಾರೆ, ಹಗಲುರಾತ್ರಿ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ನೀನು ದಣಿದರೆ ಅಳಿಯಂದಿರು ಮಗುವಿನ ಹತ್ತಿರ ಕೂಡಲಿ. ದಣಿದ ತಾಯಿಯ ಕೈಯೇ ಮೊದಲು ಮೇಲೇಳುವುದು, ನನ್ನದೂ ಹಾಗೆಯೇ ಎದ್ದಿತ್ತು.

ಭಾನುವಾರ ಕಮಲಾಪುರದಿಂದ ಮೊದಲ ಬಸ್ಸಿಗೆ ಬರುತ್ತೇನೆ. ಅವ್ವನ ಆ ಡಬ್ಬಿ ಇನ್ನೂ ನನ್ನ ಹತ್ತಿರವೇ ಇದೆ, ತೊಳೆದಿಟ್ಟಿದ್ದೇನೆ. ಜೊತೆಗೆ ಒಂದು ಡಜನ್ ಕೆಂಪು ಬಾಳೆಹಣ್ಣು ತರುತ್ತೇನೆ. ಅವಳು ಅದರಲ್ಲಿ ಎಷ್ಟು ಬಚ್ಚಿಟ್ಟರೂ ನೀವಿಬ್ಬರೂ ಎಣಿಸಬೇಡಿ.